ಮುದ್ದೆ ತಿರುವುವ ಹೊತ್ತಿನ ಪಾಠ

ದಾಕ್ಷಾಯಣಿ ಓದಿದ್ದೆಲ್ಲ ಕಿವಿಯಿಂದ. ಅಮೃತೂರಿನ ತವರಿನಲ್ಲಿ ಹಾಲು ಕರೆಯುತ್ತ, ತಂಗಿಯ ಕೈಲಿ ಪಾಠ ಓದಿಸಿಕೊಂಡು ಎಸ್ಸೆಸ್ಸೆಲ್ಸಿ ಪಾಸಾದವಳು. ಗುಬ್ಬಿಗೆ ಸೊಸೆಯಾಗಿ ಬಂದ ಮೇಲೆ ತುಮಕೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾದಳು. ಎರಡು ಹೊತ್ತು ಬಸ್ಸು, ಎರಡು ಹೊತ್ತು ಒಲೆ. ಬಡ್ತಿಗೆ ಇಲಾಖಾ ಪರೀಕ್ಷೆ ಪಾಸಾಗಲೇಬೇಕಿತ್ತು. ಆಗಲೇ ಎರಡು ಸಲ ಫೇಲಾಗಿದ್ದಳು. ಪುಸ್ತಕ ಹಿಡಿದು ಕೂರುವಷ್ಟು ಹೊತ್ತು ಆ ಮನೆಯಲ್ಲಿ ಅವಳಿಗೆ ಸಿಗುತ್ತಿರಲಿಲ್ಲ.

ಗಂಡ ಶಿವಮೂರ್ತಿ ಒಳ್ಳೆಯವನು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. 2004ರಲ್ಲಿ ಮನೆಯ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಪುಸ್ತಕವನ್ನೆಲ್ಲ ತಾನೇ ಮೈಕಿನಲ್ಲಿ ಓದಿ ರೆಕಾರ್ಡ್ ಮಾಡಿದ. ಸ್ಪೀಕರಿನ ವೈರನ್ನು ಅಡುಗೆಮನೆ ಬಾಗಿಲವರೆಗೆ ಎಳೆದ.

"ಕೆಲ್ಸ ಮಾಡ್ತಾನೇ ಕೇಳ್ಬೋದು ಕಣೇ."

ಕೆಲಸವನ್ನು ತಾನೂ ಮಾಡಬಹುದೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಪಾಠ ಸ್ವಲ್ಪ ಹೊತ್ತು ಸರಿಯಾಗಿ ಬಂದು, ಆಮೇಲೆ ದನಿ ತುಂಡುತುಂಡಾಗುತ್ತಿತ್ತು. ನಿಯಮದ ಮೊದಲರ್ಧ ಕೇಳಿದರೆ ಉಳಿದರ್ಧ ಇಲ್ಲ. ಅವಳ ಕೈ ಹಿಟ್ಟಾಗಿರುತ್ತಿತ್ತು. "ರೀ, ಮತ್ತೆ ಕಡೀತು!" ಎಂದು ಕೂಗುತ್ತಿದ್ದಳು. ಜಗಲಿಯಲ್ಲಿ ಪೇಪರ್ ಓದುತ್ತಿದ್ದವನು ಬಂದು ಕುರ್ಚಿಯಲ್ಲಿ ಕೂತು ಮೌಸ್ ಆಡಿಸಿದರೆ ದನಿ ನೆಟ್ಟಗಾಗುತ್ತಿತ್ತು.

ವೈರು ಬದಲಾಯಿಸಿದ. ಸೌಂಡ್ ಕಾರ್ಡ್ ಬಿಚ್ಚಿ ಒರೆಸಿ ಹಾಕಿದ. ಭಾನುವಾರ ಕುರ್ಚಿಯಲ್ಲೇ ಕೂತು, ಮೌಸ್ ಆಡಿಸುತ್ತ ಇಡೀ ಅಧ್ಯಾಯ ಕೇಳಿದ. ಕಾಫಿ ಅವಳೇ ತಂದುಕೊಟ್ಟಳು.

"ಎಲ್ಲೂ ಕಡೀಲಿಲ್ವಲ್ಲೇ. ಕುಕ್ಕರ್ ಶಬ್ದದಲ್ಲಿ ನಿಂಗೆ ಕೇಳ್ಸಲ್ಲ, ಅಷ್ಟೆ."

ಪರೀಕ್ಷೆಗೆ ಉಳಿದಿದ್ದು ಒಂದು ವಾರ. ಅವಳು ಕಾಫಿ ಲೋಟವನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಏಳ್ರೀ. ನೀವು ಹೋಗಿ ಮುದ್ದೆ ತಿರುವಿ. ಅಲ್ಲಿಂದ ಕೇಳಿ ಹೇಳಿ."

"ನಂಗೆಲ್ಲಿ ಬರುತ್ತೆ?"

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಗಿರಿಯಮ್ಮ ನಕ್ಕರು. "ಹೋಗ್ಲಾ, ತಿನ್ನಾಕೆ ಬತ್ತದಲ್ಲ! ದಾಕ್ಷಾಯಣಿ, ನೀ ಬಂದು ಇಲ್ಲಿ ಕುಂತ್ಕೋ."

ಅವನು ಒಲೆ ಮುಂದೆ ನಿಂತ. ಬಾಗಿಲ ಬಳಿಯ ಸ್ಪೀಕರಿನಲ್ಲಿ ಅವನದೇ ದನಿ ಪಾಠ ಹೇಳುತ್ತಿತ್ತು. ಎಸರಿಗೆ ಹಿಟ್ಟು ಹಾಕಿ ಕೋಲು ಹಿಡಿದು ತಿರುವುವಷ್ಟರಲ್ಲಿ ದನಿ ಕಡಿಯಿತು. ಕೋಲು ಹಿಡಿದೇ ಓಡಿದ. ಕುರ್ಚಿ ಖಾಲಿ. ಪರದೆಯ ಮೇಲೆ ಬಣ್ಣದ ಮೀನುಗಳು ಈಜುತ್ತಿದ್ದವು. ಮೊಣಕೈಯಿಂದ ಮೌಸ್ ತಳ್ಳಿದ. ಮೀನು ಮಾಯ, ದನಿ ಸರಾಗ. ಮುಟ್ಟದೆ ಕಾದ. ಮೀನು ಬಂದವು, ದನಿ ಮತ್ತೆ ಮುಕ್ಕಾಯಿತು.

"ಸ್ಕ್ರೀನ್ ಸೇವರ್ ಕಣೇ! ಯಾರೂ ಮೌಸ್ ಮುಟ್ದೇ ಇದ್ರೆ ಬರುತ್ತೆ. ಆ ಮೀನು ಬಿಡ್ಸೋದ್ರಲ್ಲೇ ಈ ಹಳೇ ಮಿಷನ್ನಿಗೆ ಸುಸ್ತು, ದನಿಗೆ ಪುರಸೊತ್ತಿಲ್ಲ. ನಾನು ಕೂತು ಮೌಸ್ ಆಡಿಸ್ತಿದ್ರೆ ಮೀನು ಬರ್ತಾನೇ ಇರ್ಲಿಲ್ಲ."

"ಕುಂತೋರ್ಗೆ ಎಲ್ಲಾ ಸರ್ಯಾಗೇ ಕೇಳ್ತದೆ ಬುಡು," ಎಂದರು ಗಿರಿಯಮ್ಮ. "ಲೋ, ಮುದ್ದೆ ಸೀಯ್ತಾ ಅದೆ!"

ಮೀನುಗಳನ್ನು ಅವನು ಅವತ್ತೇ ತೆಗೆದುಹಾಕಿದ. ಆದರೂ ಆ ವಾರವೆಲ್ಲ ಒಲೆ ಮುಂದೆ ನಿಂತವನು ಅವನೇ. ದಾಕ್ಷಾಯಣಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಮೊದಲ ಸಲ ಪಾಠವನ್ನು ಕೊನೆಯವರೆಗೂ ಕೇಳಿದಳು.

ಪರೀಕ್ಷೆ ಪಾಸಾದಳು. ಶಿವಮೂರ್ತಿಯ ಮುದ್ದೆಯ ಗಂಟು ಮಾತ್ರ ಯುಗಾದಿವರೆಗೂ ಕರಗಲಿಲ್ಲ.