ಬಾಷಾ ಸಾಬರ ಮೂಗು

ಶಿರಾ ಬಸ್ ಸ್ಟ್ಯಾಂಡ್ ಪಕ್ಕ ಹಲಸಿನ ಗಾಡಿ ನಿಲ್ಲಿಸುವ ಬಾಷಾ ಸಾಬರಿಗೆ ಆಸ್ತಿ ಅಂತ ಇದ್ದದ್ದು ಒಂದೇ, ಮೂಗು. ಕೊರಟಗೆರೆ ತೋಟಗಳಿಂದ ಬಂದ ಹಣ್ಣುಗಳನ್ನು ಬೆಳಿಗ್ಗೆ ಸಾಲಾಗಿ ಇಟ್ಟು, ಒಂದೊಂದನ್ನೇ ಮೂಸಿ, 'ಇದು ಇವತ್ತಿಗೆ, ಇದು ನಾಳೆಗೆ' ಅಂದರೆ ಮುಗಿಯಿತು. ಮೂವತ್ತು ವರ್ಷ ಆ ಮಾತು ತಪ್ಪಿದ್ದಿಲ್ಲ. ಹಣ್ಣು ಕೊಯ್ದರೆ ಆ ವಾಸನೆಗೆ ಪಾವಗಡದ ಬಸ್ಸಿನಲ್ಲಿದ್ದ ಅರ್ಧ ಜನ ಇಳಿದು ಓಡಿ ಬರುತ್ತಿದ್ದರು, ಉಳಿದರ್ಧ ಕಿಟಕಿ ಮುಚ್ಚುತ್ತಿದ್ದರು.

ಹೆಂಡತಿ ಶಾಹಜಾದಿ ಕಿಟಕಿ ಮುಚ್ಚುವವರ ಪೈಕಿ. ಅಯ್ಯೋ, ಮುಚ್ಚುವುದೆಂದರೆ ಅಂತಿಂಥದ್ದಲ್ಲ! ಗಂಡ ಹಿತ್ತಿಲಲ್ಲಿ ಸ್ನಾನ ಮಾಡಿ, ಅಂಗಿ ಅಲ್ಲೇ ಬಿಟ್ಟು ಒಳಗೆ ಬರಬೇಕಿತ್ತು.

"ಗಬ್ಬು ನಾರ್ತೀರಿ."

"ನಾರೋದಲ್ಲ ಕಣೇ, ಘಮ."

ಈ ಜಗಳಕ್ಕೂ ಅವರ ಮದುವೆಗೂ ಒಂದೇ ವಯಸ್ಸು.

ಈ ಸಲ ಹಣ್ಣಿನ ಕಾಲ ಶುರುವಾಗುವಷ್ಟರಲ್ಲಿ ಸಾಬರಿಗೆ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆ ತಿಳಿಯುವ ಶಕ್ತಿಯನ್ನೂ ಒಯ್ದಿತು. ಸಾಬರು ಯಾರಿಗೂ ಹೇಳಲಿಲ್ಲ. ಹೇಳಿದರೆ ಗಾಡಿಗೆ ಯಾರು ಬಂದಾರು? ಬೆರಳಲ್ಲಿ ಬಡಿದು, ಅಂದಾಜಿನ ಮೇಲೆ ಕೊಟ್ಟರು. ಮೂರನೇ ದಿನ ಹುಲಿಕುಂಟೆಯ ಹಳೇ ಗಿರಾಕಿ ಓಬಳಮ್ಮ, ಕೊಯ್ದ ಹಣ್ಣನ್ನು ಚೀಲದಲ್ಲಿ ತಂದು ಗಾಡಿ ಮೇಲಿಟ್ಟರು. ತೊಳೆಗಳು ಬಿಳಿಚಿಕೊಂಡು ಇನ್ನೂ ಕಾಯಿಯಾಗಿದ್ದವು.

"ಏನ್ ಸಾಬ್ರೇ, ನೀವೂ ಇಂಗೆ ಮಾಡ್ಬುಟ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಆ 'ನೀವೂ' ಎದೆಗೆ ನಾಟಿತು. ಸಾಬರು ಗಾಡಿಯನ್ನು ನೇರ ಮನೆ ಬಾಗಿಲಿಗೇ ತಳ್ಳಿಕೊಂಡು ಬಂದು ಜಗುಲಿಯಲ್ಲಿ ಕುಸಿದರು.

"ಮೂಗು ಹೋಯ್ತು ಕಣೇ. ಇನ್ನು ಯಾಪಾರ ಸಾಕು, ಗಾಡಿ ಮಾರ್ಬುಡ್ತೀನಿ."

ಶಾಹಜಾದಿ ಗಂಡನ ಮುಖ ನೋಡಿದಳು. ಆಮೇಲೆ ಗಾಡಿಯ ಹತ್ತಿರ ಹೋಗಿ, ಮೂಗಿಗೆ ಒತ್ತಿಕೊಂಡಿದ್ದ ಸೆರಗು ತೆಗೆದಳು. ಮೊದಲ ಹಣ್ಣಿಗೆ ಬಗ್ಗಿ 'ಥೂ' ಅಂದಳು. ಎರಡನೆಯದಕ್ಕೆ ಏನೂ ಅನ್ನಲಿಲ್ಲ. ಮೂರನೆಯದಕ್ಕೆ 'ತೌಬಾ ತೌಬಾ!' ಎಂದು ಹಿಂದೆ ಸರಿದು ವಾಕರಿಸಿದಳು.

"ಇದನ್ನ ಈಗ್ಲೇ ಕೊಯ್ರಿ. ಮೊದಲ್ನೇದು ನಾಳೆಗೆ. ಆ ಮಧ್ಯದ್ದನ್ನ ಇನ್ನೂ ನಾಕ್ ದಿನ ಮುಟ್ಬ್ಯಾಡ್ರಿ."

ನಂಬಿಕೆ ಇಲ್ಲದೆಯೇ ಸಾಬರು ಕೊಯ್ದರು. ತೊಳೆಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು, ಬಾಯಿಗಿಟ್ಟರೆ ಕರಗುವಂತಿದ್ದವು.

"ನಿಂಗೆಂಗೆ ಗೊತ್ತಾಯ್ತೇ?"

"ಮೂವತ್ತು ವರ್ಷ ನಿಮ್ಮ ಪಕ್ಕ ಮಲಗಿಲ್ವಾ? ಎಷ್ಟು ಸ್ನಾನ ಮಾಡಿದ್ರೂ, ಯಾವತ್ತು ಎಂಥಾ ಹಣ್ಣು ಕೊಯ್ದ್ರಿ ಅಂತ ನಿಮ್ಮ ಮೈ ವಾಸ್ನೇಲೇ ಗೊತ್ತಾಗ್ತಿತ್ತು."

ಈಗ ದಿನಾ ಬೆಳಿಗ್ಗೆ ಹಣ್ಣು ಆರಿಸುವವಳು ಶಾಹಜಾದಿ. ಬೈದುಕೊಂಡೇ ಆರಿಸುತ್ತಾಳೆ, ಒಂದೂ ತಪ್ಪಿಲ್ಲ. ಸಾಬರ ಮೂಗು ಇನ್ನೂ ಸರಿಹೋಗಿಲ್ಲ, ಸರಿಹೋಗಲಿ ಎಂಬ ಅವಸರ ಅವರಿಗೂ ಇಲ್ಲ.