ಬಾನುಬಿ ಇಟ್ಟ ಸಡಿಲ ಬಳೆ

ಸವಣೂರಿನ ಬಾನುಬಿ ಬಳೆ ಇಡುವಾಗ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಬಂಕಾಪುರದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿದ ವಿದ್ಯೆ ಅದು. ಹೆಬ್ಬೆರಳಿನ ಬುಡವನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಕೈ ಸಣ್ಣದು ಮಾಡಿ, ಸಾಬೂನಿನ ನೊರೆ ಸವರಿ ಗಾಜನ್ನು ಏರಿಸುವಾಗ ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಇಡಿಸಿಕೊಳ್ಳುವವಳ ಹುಬ್ಬೇ ಹೇಳುತ್ತದೆ. ಹುಬ್ಬು ಒಂದಿಷ್ಟು ಅಳುಕಿತೆಂದರೆ ಬಾನುಬಿಯ ಕೈ ತಾನಾಗಿ ನಿಲ್ಲುತ್ತಿತ್ತು. ಬಳೆಯನ್ನು ತುಸು ತಿರುಗಿಸಿ, ಏನಾದರೊಂದು ಮಾತು ತೆಗೆದು, ಆಕೆ ನಗುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಗಂಡ ಹಯಾತನ ಮೊಣಕಾಲು ಕೈಕೊಟ್ಟ ಮೇಲೆ ಸಂತೆಯ ದಾರಿಯೆಲ್ಲ ಅವಳ ಪಾಲಿಗೇ ಬಂತು. ಹಾನಗಲ್ಲ, ಅಕ್ಕಿಆಲೂರು, ಹಿರೇಕೆರೂರು ಎಂದು ಬಳೆ ತುಂಬಿದ ಮಲಾರದ ಗಂಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗಿದಳು. ಹಯಾತ ಮನೆಯಲ್ಲಿ ಕುಳಿತು ಬಳೆಗಳನ್ನು ಅಳತೆಯ ಪ್ರಕಾರ ದಾರಕ್ಕೆ ಪೋಣಿಸಿ ಕೊಡುತ್ತಿದ್ದ, ಜೊತೆಗೆ ಯಾರೂ ಕೇಳದ ಬುದ್ಧಿಮಾತನ್ನೂ. ಬಿಗಿ ಬಳೆಗೆ ಬಾನುಬಿಯೇ ಆಗಬೇಕು ಎಂದು ಸುತ್ತಿನ ಊರುಗಳಲ್ಲಿ ಹೆಸರಾಯಿತು. ಅವಳು ಇಟ್ಟ ಬಳೆ ಮಣಿಕಟ್ಟಿನ ಜೊತೆಗೇ ಹುಟ್ಟಿಬಂದಂತೆ ಕೂರುತ್ತಿತ್ತು. ಸಡಿಲ ಬಳೆ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅಂಥದ್ದನ್ನು ಇಟ್ಟವರು ಬಳೆಗಾರರಲ್ಲ, ಎಮ್ಮೆಗೆ ಹಗ್ಗ ಕಟ್ಟುವವರು ಎನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸಿನ ಕೈಯಿಂದಲೂ ರಕ್ತ ಬರಿಸಿದವಳಲ್ಲ. ಆ ಹೆಮ್ಮೆಯನ್ನು ಮುಚ್ಚಿಟ್ಟುಕೊಂಡವಳೂ ಅಲ್ಲ.

ಮೊನ್ನೆಯ ದೀಪಾವಳಿಗೆ ಮುಂಚೆ ಅಕ್ಕಿಆಲೂರಿನ ಸಂತೆಯಲ್ಲಿ ಹೊನ್ನವ್ವ ಬಂದು ಅವಳ ಮುಂದೆ ಕುಳಿತಳು. ಹೊನ್ನವ್ವ ಅದೇ ಊರಿನ ಚುರಮುರಿ ಭಟ್ಟಿಯಲ್ಲಿ ದುಡಿದವಳು. ಕೆಲವು ವರ್ಷದ ಹಿಂದೆ ಅಕ್ಕಿ ಹುರಿಯುವ ಕಾದ ಉಸುಕು ಬಲಗೈ ಮೇಲೆ ಸುರಿದು ಮಣಿಕಟ್ಟಿನಿಂದ ಗೆಣ್ಣಿನತನಕ ಸುಟ್ಟಿತ್ತು. ಗಾಯ ಮಾಯ್ದರೂ ಚರ್ಮ ಸೆಟೆದು ಕೈ ಕೊಕ್ಕೆಯಾಗಿ, ಅಂದಿನಿಂದ ಅದಕ್ಕೆ ಬಳೆ ಏರಿರಲಿಲ್ಲ. ಗಂಡನಿರುವ ಹೆಂಗಸಿನ ಬಲಗೈ ಬರಿದು. ಹಿರಿಮಗನ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ನಾದಿನಿ ಮಂಜವ್ವ ಅವಳ ರಟ್ಟೆ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದ್ದಳು. ಹೆತ್ತ ಮಗನ ಮದುವೆಯನ್ನು ಹೊನ್ನವ್ವ ಬೇರೆಯವರ ಹೆಗಲ ಮೇಲಿಂದ ನೋಡಿದ್ದಳು.

ಈಗ ಆ ಕೈ ನೆಟ್ಟಗಾಗಿತ್ತು. ಬಾನುಬಿ ಹಿಡಿದು ಹೊರಳಿಸಿ ನೋಡಿದಳು. ಗುಲಾಬಿ ಬಣ್ಣದ ಹೊಸ ಚರ್ಮ, ಕೂದಲಿಲ್ಲ, ಬೆವರಿಲ್ಲ, ನುಣ್ಣಗೆ. ಹೊನ್ನವ್ವ ಕಥೆ ಹೇಳಿದಳು. ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಹೊಸ ಪ್ರಯೋಗ ನಡೆದಿತ್ತಂತೆ. ಅವಳ ತೊಡೆಯಿಂದ ಉಗುರಿನಷ್ಟು ಚರ್ಮ ತೆಗೆದು, ಅದರೊಳಗಿನ ಜೀವಕೋಶಗಳನ್ನು ಬೆಳೆಸಿ ಹೆಚ್ಚು ಮಾಡಿ, ಪ್ರೋಟೀನಿನ ಅಂಟಿನಲ್ಲಿ ಕಲಸಿದರಂತೆ. ಆಮೇಲೆ ಒಂದು ಯಂತ್ರ ಸಣ್ಣ ಸೂಜಿಯಿಂದ ಆ ಅಂಟನ್ನು ಎಳೆ ಎಳೆಯಾಗಿ ಬಿಡುತ್ತ, ಪದರದ ಮೇಲೆ ಪದರ ಕೂರಿಸಿ, ಕಾಗದಕ್ಕೆ ಅಕ್ಷರ ಒತ್ತಿದಂತೆ ಚರ್ಮವನ್ನೇ ಒತ್ತಿ ತೆಗೆಯಿತಂತೆ. ಹಳೆಯ ಸೆಟೆದ ಚರ್ಮ ಬಿಡಿಸಿ ಅದನ್ನು ಹೊಚ್ಚಿದರು. ಹಿಡಿಯುತ್ತದೋ ಇಲ್ಲವೋ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಹಿಡಿಯಿತು.

ಬಾನುಬಿ ಕೈ ಬಿಡದೆಯೇ ಕೇಳಿದಳು.

“ಆ ಅಂಟು ಯಾತರದು? ಹಂದೀದಲ್ಲಲ್ಲ?”

“ನೀ ಹಂದಿ ಅಂತಿ. ಯಾವ ಪ್ರಾಣೀದೂ ನನಗ ಆಗಂಗಿಲ್ಲಂತ ನಾ ಕೊಳ್ಳಾಗಿನ ಲಿಂಗಾ ಹಿಡಕೊಂಡ ಕೇಳೇನಿ. ಪ್ರಾಣೀದು ಅಲ್ಲಂತ. ದ್ವಾಸಿ ಹಿಟ್ಟಿಗೆ ಹುಳಿ ಬರಸ್ತಾವಲ್ಲ, ಅಂಥಾ ಕಣ್ಣಿಗೆ ಕಾಣದ ಜೀವಾ ಸಾಕಿ ಅವುಗಳ ಕೈಲೆ ಮಾಡಸ್ತಾರಂತ.”

“ಹಂಗಾರ ನಿನಗೂ ನಡೀತೈತಿ, ನನಗೂ ನಡೀತೈತಿ,” ಎಂದು ಬಾನುಬಿ ಮಲಾರ ಬಿಚ್ಚಿದಳು.

ಹೊನ್ನವ್ವನ ಮಗಳು ಶೀಲಾಳ ಕುಬಸ ಹತ್ತಿರ ಬಂದಿತ್ತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಆರತಿ ಎತ್ತುವ ದಿನ ತಾಯಿಯ ಎರಡೂ ಕೈ ತುಂಬಿರಬೇಕು. ಮೊದಲಿನಂತೆ ಬಿಗಿಯಾಗಿಯೇ ಇರಬೇಕೆಂದು ಹೊನ್ನವ್ವ ಹಟ ಹಿಡಿದಳು. ಈ ಸಲ ಯಾರೂ ತನ್ನನ್ನು ಹಿಂದೆ ಸರಿಸಬಾರದು.

ಎಡಗೈ ಸುಲಭಕ್ಕೆ ಮುಗಿಯಿತು. ಹುಬ್ಬು ಅಳುಕಿದಲ್ಲಿ ನಿಂತು, ಅಳುಕದಲ್ಲಿ ಏರಿಸಿ, ಬಾನುಬಿ ಬಳೆಗಳನ್ನು ಸಾಲಾಗಿ ಕೂರಿಸಿದಳು. ಆಮೇಲೆ ಬಲಗೈ. ಹೊನ್ನವ್ವ ಶೀಲಾಳ ಅತ್ತೆಯ ಜಿಪುಣತನದ ಸುದ್ದಿ ತೆಗೆದಿದ್ದಳು. ಬಾನುಬಿ ಅವಳ ಮುಖ ನೋಡುತ್ತ ಒತ್ತಿದಳು. ಹುಬ್ಬು ಅಲುಗಲಿಲ್ಲ. ಇನ್ನಷ್ಟು ಒತ್ತಿದಳು. ಹೊನ್ನವ್ವ ಅತ್ತೆ ಚಹಾಕ್ಕೆ ಸಕ್ಕರೆ ಹಾಕುವ ಪರಿಯನ್ನು ಹೇಳಿ ನಗುತ್ತಿದ್ದಳು. ಕೈ ಎಷ್ಟು ಹಗುರಾಗಿದೆ ಎಂದುಕೊಂಡು ಬಾನುಬಿ ಮತ್ತೊಮ್ಮೆ ಒತ್ತುವಷ್ಟರಲ್ಲಿ, ಹೆಬ್ಬೆರಳಿನ ಅಡಿ ಏನೋ ಮಡಿಕೆ ಬಿದ್ದಂತಾಯಿತು. ಕೆಳಗೆ ನೋಡಿದಳು. ಗಾಜಿನ ಮುಂದೆ ಹೊಸ ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಇನ್ನೊಂದು ಒತ್ತು ಬಿದ್ದಿದ್ದರೆ ಸುಲಿದುಬರುತ್ತಿತ್ತು.

“ಹೊನ್ನಿ, ನೋವಾಗವಲ್ದೇನ?”

ಹೊನ್ನವ್ವನ ನಗೆ ನಿಂತಿತು. ತಲೆ ತಗ್ಗಿಸಿ, ಆ ಚರ್ಮಕ್ಕೆ ಇನ್ನೂ ಏನೂ ತಿಳಿಯುವುದಿಲ್ಲ ಎಂದಳು. ಬೆಂಕಿ, ಚಾಕು ಎಲ್ಲದಕ್ಕೂ ಕಣ್ಣಿಟ್ಟೇ ಇರು, ಅರಿವು ಬಂದರೆ ನಿಧಾನ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಬಳೆ ಇಟ್ಟುಕೋ, ಆದರೆ ಒತ್ತಡ ಬೀಳಬಾರದು ಎಂದೂ ಹೇಳಿದ್ದರಂತೆ.

“ಇದನ್ನ ಮೊದಲ ಹೇಳಾಕ ಏನಾಗಿತ್ತು?”

“ಹೇಳಿದ್ರ ನೀ ಇಡ್ತಿದ್ದಿಲ್ಲ.”

ಬಳೆ ಗೆಣ್ಣಿನ ಮೇಲೆ ಸಿಕ್ಕಿಕೊಂಡಿತ್ತು. ಮುಂದೆ ದಬ್ಬುವಂತಿಲ್ಲ, ಹಿಂದೆ ಎಳೆಯುವಂತಿಲ್ಲ. ಬಾನುಬಿ ತನ್ನ ತೋರುಬೆರಳನ್ನು ಗಾಜಿಗೂ ಆ ಚರ್ಮಕ್ಕೂ ನಡುವೆ ತೂರಿಸಿ, ಇನ್ನೊಂದು ಕೈಯಲ್ಲಿ ಇಕ್ಕಳ ಹಿಡಿದು ಬಳೆಯನ್ನು ಚಟ್ಟನೆ ಮುರಿದಳು. ಚಾಪೆಯ ಮೇಲೆ ರಕ್ತ ತೊಟ್ಟಿಕ್ಕಿತು. ಬಾನುಬಿ ಇಕ್ಕಳ ಬಿಸಾಡಿದಳು. ಹೊನ್ನವ್ವನ ಕೈಯನ್ನು ನೀರಿನಿಂದ ತೊಳೆದು, ಬಿಸಿಲಿಗೆ ಹಿಡಿದು ನೋಡಿದಳು. ಎಲ್ಲೂ ಗೀರಿಲ್ಲ. ರಕ್ತ ತನ್ನ ಬೆರಳಿನದು. ಅಷ್ಟು ಖಾತ್ರಿಯಾದ ಮೇಲೆಯೇ ಬೆರಳಿಗೆ ಚಿಂದಿ ಸುತ್ತಿಕೊಂಡಳು.

ಬೈಗುಳ ಬಾಯಿತನಕ ಬಂದು ನಿಂತಿತು. ತನಗೆ ಈ ಕೈ ಆಗುವುದಿಲ್ಲ ಎಂದಳು. ಮುಖ ನೋಡಿ ಇಡುವವಳು ತಾನು, ಈ ಕೈ ಮುಖಕ್ಕೆ ಏನನ್ನೂ ತಿಳಿಸುವುದಿಲ್ಲ, ಕಣ್ಣು ಕಟ್ಟಿಕೊಂಡು ಬಾವಿಗೆ ಇಳಿದಂತೆ ಎಂದಳು. ಹೊನ್ನವ್ವ ಏಳಲಿಲ್ಲ. ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಹಿಂದೆ ಕಾದಿದ್ದ ಹೆಂಗಸರು ಬೇರೆ ಅಂಗಡಿಗೆ ಸರಿದುಹೋದರು.

ಕಡೆಗೆ ಬಾನುಬಿ ಮಲಾರದ ತಳದಿಂದ ದೊಡ್ಡ ಅಳತೆಯ ಹಸಿರು ಬಳೆ ತೆಗೆದಳು. ದಪ್ಪ ಕೈಯವರಿಗೆಂದು ಹಯಾತ ಕಟ್ಟಿಕೊಟ್ಟ ಗೊಂಚಲು. ಮೊದಲ ಸಲ ಮುಖ ಬಿಟ್ಟು ಕೈಯ ಮೇಲೆಯೇ ಕಣ್ಣಿಟ್ಟು ಒಂದೊಂದಾಗಿ ಬಿಟ್ಟಳು. ನೊರೆ ಬೇಕಾಗಲಿಲ್ಲ, ಒತ್ತುವುದೂ ಬೇಕಾಗಲಿಲ್ಲ. ಬಳೆಗಳು ಸರ್ರನೆ ಇಳಿದು ಮೊಳಕೈಯತನಕ ಹೋಗಿ ಮತ್ತೆ ಅಂಗೈಗೆ ಬಂದು ಬಿದ್ದವು. ತಾನೇ ಮಾಡಿದ ಕೆಲಸವನ್ನು ನೋಡಲಾರದೆ ಬಾನುಬಿ ಗಾಜಿನ ಚೂರು ಆರಿಸತೊಡಗಿದಳು. ಹೊನ್ನವ್ವ ಕೈ ಎತ್ತಿ ಅಲುಗಿಸಿ, ಕಣ್ಣು ಮುಚ್ಚಿ ಅವುಗಳ ಸಪ್ಪಳ ಕೇಳಿಸಿಕೊಂಡಳು.

“ಬಿಗಿ ಇದ್ದಿದ್ರ ಕೈಯಾಗ ಅದಾವೋ ಇಲ್ಲೋ ನನಗ ತಿಳೀತಿದ್ದಿಲ್ಲ. ಈಗ ಕೇಳ್ತಾವ.”

“ಕೇಳ್ಲಿ. ಆದ್ರ ಯಾರು ಇಟ್ಟಾರ ಅಂದ್ರ ನನ್ನ ಹೆಸರ ಹೇಳಬ್ಯಾಡ. ಒಂದೂರ ಸಂತಿ ಕೆಟ್ಟರ ಸಾಕು, ನಾಲ್ಕೂರ ಸಂತಿ ಕೆಡೂದು ಬ್ಯಾಡ.”

ಹೊನ್ನವ್ವ ಮಾತು ಕೊಟ್ಟು ಎದ್ದುಹೋದಳು.

ಕುಬಸದ ದಿನ ಶೀಲಾಳಿಗೆ ಬಳೆ ಇಡಲು ಬಾನುಬಿಯನ್ನೇ ಕರೆಸಿದ್ದರು. ಪಡಸಾಲೆಯ ತುಂಬ ಹೆಂಗಸರು. ಶೀಲಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಹೊನ್ನವ್ವ ಗೋಡೆಗೆ ಒರಗಿ ನಿಂತಿದ್ದಳು. ಆರತಿ ತಟ್ಟೆ ಹಿಡಿದುಕೊಂಡು ಬಂದ ಮಂಜವ್ವನ ಕಣ್ಣು ಅವಳ ಕೈಗಳ ಮೇಲೆ ಬಿತ್ತು.

“ಇದೇನ್ರಿ ವೈನಿ, ಒಂದು ಕೈಗೆ ಬಿಗಿ ಬಳಿ, ಒಂದು ಕೈಗೆ ಬಿಂದಗಿ ಕಂಠ? ಯಾ ಪುಣ್ಯಾತ್ಮರು ಇಟ್ಟಾರ ಇವನ್ನ?”

ಹೆಂಗಸರು ನಕ್ಕರು. ಹೊನ್ನವ್ವ ಸೆರಗಿನೊಳಗೆ ಕೈ ಎಳೆದುಕೊಂಡು, ಸಂತೆಯಲ್ಲಿ ಯಾರೋ ಇಟ್ಟರು ಎಂದಳು. ಕೊಟ್ಟ ಮಾತು ತಪ್ಪಲಿಲ್ಲ. ಬಾನುಬಿ ನೊರೆಯ ಬಟ್ಟಲಲ್ಲಿ ಬೆರಳು ಅದ್ದಿದ್ದವಳು ಹಾಗೆಯೇ ಕುಳಿತಳು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಆ ಕೈ ಮತ್ತೆ ಸೆರಗಿನೊಳಗೆ ಹೋದದ್ದನ್ನು ಅವಳು ನೋಡಿದ್ದಳು.

“ನಾನ ಇಟ್ಟೇನಿ, ಮಂಜವ್ವ,” ಎಂದಳು. “ಬೇಕಂತಲೇ ಸಡಿಲ ಇಟ್ಟೇನಿ. ಆ ಕೈಗೆ ಅಷ್ಟ ಒಪ್ಪತೈತಿ.”

ನಗೆ ನಿಂತಿತು. ಬಾನುಬಿ ಇಟ್ಟದ್ದು ಎಂದ ಮೇಲೆ ಅದರಲ್ಲಿ ತಪ್ಪು ಹುಡುಕುವವರಿರಲಿಲ್ಲ. ಅವಳು ಬಟ್ಟಲು ಪಕ್ಕಕ್ಕೆ ಸರಿಸಿ, ಮಗಳಿಗೆ ಇಡುವ ಮೊದಲನೆಯ ಬಳೆಯನ್ನು ತಾಯಿಯೇ ಬಲಗೈಯಿಂದ ಎತ್ತಿಕೊಡಬೇಕೆಂದು ಹೊನ್ನವ್ವನನ್ನು ಕರೆದಳು. ಹೊನ್ನವ್ವ ಸೆರಗು ಬಿಟ್ಟು, ಬಳೆ ಸಪ್ಪಳ ಮಾಡುತ್ತ ಮುಂದೆ ಬಂದಳು. ಮಂಜವ್ವ ಆರತಿ ತಟ್ಟೆ ಎದೆಗೆ ಹಿಡಿದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.