ದಾವಲಬಿಯ ಹಗ್ಗ

೧೯೫೮ರಲ್ಲಿ ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಸರ್ಕಾರಿ ಬಂಗಲೆಗೆ ಬಂದ ಎಂಜಿನಿಯರ್ ಸಾಹೇಬರಿಗೆ ಗಾಲ್ಫ್ ಹುಚ್ಚು. ದಿನಾ ಬೆಳಿಗ್ಗೆ ಅಂಗಳದ ಹುಲ್ಲಿನ ಮೇಲೆ ನಿಂತು ಐವತ್ತು ಚೆಂಡು ಹೊಡೆಯುತ್ತಿದ್ದರು. ಏಟಿಗೊಂದು ಹೆಂಟೆ ಹುಲ್ಲು ಕಿತ್ತು ಹಾರುತ್ತಿತ್ತು. ಮಾಲಿ ದಾವಲಬಿ ಕೊಡ ಹೊತ್ತು ಬೆಳೆಸಿದ ಗರಿಕೆ ಎರಡೇ ವಾರದಲ್ಲಿ ಕೋಳಿ ಕೆದರಿದ ತಿಪ್ಪೆಯಂತಾಯಿತು.

ಒಂದು ಬೆಳಿಗ್ಗೆ ಹಗ್ಗ ಹಿಡಿದು ಅವಳು ಸಾಹೇಬರ ಎದುರಿಗೇ ನಿಂತಳು.

"ಸಾಹೇಬ್ರ, ಮನಸ್ಸಿಗೆ ಬಂದಲ್ಲೆ ಹೊಡೀಬ್ಯಾಡ್ರಿ. ನಮ್ಮ ಟಾಂಗಾದ ಕುದರಿಗೆ ನಾ ಹಸಿಮೇವು ದಿನಕ್ಕೊಂದು ಪಟ್ಟಿ ಕೊಯ್ತೇನಿ. ಆ ತುದಿ ಮುಟ್ಟೂದ್ರಾಗ ಈ ತುದಿ ಮತ್ತ ಚಿಗತಿರತೈತಿ. ನೀವೂ ಈ ಹಗ್ಗದ ಗುಂಟ ಹೊಡ್ಕೋತ ಹೋಗ್ರಿ."

ಅವಳು ಹುಲ್ಲಿನ ಒಂದು ಅಂಚಿಗೆ ಹಗ್ಗ ಎಳೆದು ಕಟ್ಟಿದಳು; ಸಾಹೇಬರು ಚೆಂಡು ತಂದು ಅದರ ಪಕ್ಕ ನಿಂತರು. ಅವರು ಹೊಡೆಯುತ್ತ ಸಾಗಿದರೆ ದಾವಲಬಿ ಹಿಂದಿನಿಂದ ಗಾಯಗಳಿಗೆ ಮಣ್ಣು, ಗೊಬ್ಬರ ತುಂಬಿ ನೀರು ಹನಿಸಿದಳು. ಹಗ್ಗ ದಿನಕ್ಕೊಂದು ಗೇಣು ಸರಿಯಿತು. ತಿಂಗಳಾಗಿ ಅದು ಆ ತುದಿ ಮುಟ್ಟಿದಾಗ ಈ ತುದಿಯಲ್ಲಿ ಗಾಯದ ಗುರುತೂ ಉಳಿದಿರಲಿಲ್ಲ.

ಆ ವಾರ ವಿಜಾಪುರದಿಂದ ಬಂದ ಮೇಲಧಿಕಾರಿ ಹಸಿರಿನ ನಟ್ಟನಡುವೆ ಚೆಂಡಿಟ್ಟು ಕೋಲೆತ್ತಿದರು. ಎಂಜಿನಿಯರ್ ಸಾಹೇಬರು ಓಡಿಬಂದು ಕೈ ಹಿಡಿದರು.

"ಸರ್, ಅಲ್ಲಿ ಬೇಡ! ದಾವಲಬಿ ನೋಡ್ತಿದ್ದಾಳೆ."

ಮೇಲಧಿಕಾರಿ ಒಮ್ಮೆ ಅವಳ ಕಡೆ ನೋಡಿದರು. ಆಮೇಲೆ ಚೆಂಡೆತ್ತಿಕೊಂಡು ಹಗ್ಗದತ್ತ ನಡೆದರು.